ನಾನೂರ ಹದಿಮೂರನೆಯ ಸ್ಕ್ವಾಡ್ರನ್

ಎರಡನೆಯ ಮಹಾಯುದ್ಧದಲ್ಲಿ ಹಿಂದೂ ಮಹಾಸಾಗರದ ಪಹರೆಯಿಂದ ಪ್ರಖ್ಯಾತವಾದ, ಕೆನಡ ದೇಶದ ವಾಯುಪಡೆಯ ಜಲವಿಮಾನ ದಳ. 1941ರ ಜುಲೈ 1ರಂದು ಸ್ಕಾಟ್ಲೆಂಡಿನ ಸ್ಟ್ರಾನ್‌ರಾರ್‌ನಲ್ಲಿ ಸ್ಥಾಪಿತವಾದ ಇದು ಆ ವರ್ಷವೇ ಶೆಟ್ಲೆಂಡ್ ದ್ವೀಪಗಳಿಗೆ ತೆರಳಿತು. ಅಕ್ಟೋಬರಿನಲ್ಲಿ ನಾರ್ವೆಯ ತೀರವನ್ನು ವೀಕ್ಷಿಸಲು ಹೊರಟ ದಳಪತಿಯೇ ಹಿಂದಿರುಗಲಿಲ್ಲ.

ದಳದ ವಾಹನವಾದ ಕೆಟಲೈನ ವಿಮಾನವು ದೋಣಿಯಂತಹ ಒಡಲೂ 104 ಅಡಿ ಹರಹಿನ ರೆಕ್ಕೆಯೂ ಎರಡು ಎಂಜಿನುಗಳೂ ಉಳ್ಳದ್ದಾಗಿ, ವೇಗದಲ್ಲಿ ಮಂದವಾಗಿದ್ದರೂ ಒಮ್ಮೆ ಮೇಲೆದ್ದರೆ ಇಪ್ಪತ್ತು ಗಂಟೆಗಳಿಗೂ ಮಿಕ್ಕಿ ಗಗನದಲ್ಲಿರಬಲ್ಲುದಾಗಿತ್ತು. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ದುರಸ್ತಿಗೊಳ್ಳುತ್ತಿದ್ದ ವಿಮಾನಗಳಲ್ಲಿ ಈ ಜಾತಿಯವೂ ಇದ್ದು, ಅವು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದುವು.

ಸಿಂಗಪುರವು ಪತನಗೊಂಡು ಜಪಾನೀಯರ ನೌಕಾಬಲವು ಪಶ್ಚಿಮಕ್ಕೆ ತಿರುಗಬಹುದೆಂಬ ಶಂಕೆ ಬಲಿತಾಗ, 1942ರ ವಸಂತದಲ್ಲಿ ದಳವನ್ನು ಸಿಂಹಳದ ಗಾಲೆಗೆ ಸಮೀಪದ ಕೊಗ್ಗಲ ಸರೋವರಕ್ಕೆ ಕಳುಹಲಾಯಿತು. ಅಲ್ಲಿಗೆ ಬಂದು ಎರಡೇ ದಿನಗಳಾಗಿದ್ದ ದಳದ ವಿಮಾನಚಾಲಕ ಲೆನರ್ಡ್ ಬರ್ಚಲ್, ಏಪ್ರಿಲ್ 4ರಂದು ನಸುಕಿನಲ್ಲಿ ಎಂಟು ಮಂದಿ ಸಂಗಡಿಗರೊಡನೆ ಹಾರಿ, ದಿನವಿಡೀ ಶೂನ್ಯ ಸಮುದ್ರವನ್ನು ಅವಲೋಕಿಸಿ, ಚಂದ್ರೋದಯವಾದ ಮೇಲೆ ತಮ್ಮ ಸ್ಥಾನವನ್ನು ನಿಖರವಾಗಿ ಗೊತ್ತುಪಡಿಸಿಕೊಳ್ಳಬೇಕೆಂಬ ಒಂದೇ ಕಾರಣದಿಂದ ಇನ್ನಷ್ಟು ಹೊತ್ತು ಅಲ್ಲಿಯೇ ಸುತ್ತುತ್ತಿರಲು, ದಕ್ಷಿಣ ದಿಗಂತದಲ್ಲಿ ಚುಕ್ಕೆಗಳು ಗೋಚರಿಸಿದುವು. ಅದು ಐದು ವಿಮಾನವಾಹಕ ನೌಕೆಗಳನ್ನೊಳಗೊಂಡ ಜಪಾನಿನ ಅಡ್ಮಿರಲ್ ನಗುಮೊನ ಪಡೆ. ನಿಸ್ತಂತುವಿನಲ್ಲಿ ಸಂದೇಶವನ್ನು ಪುನಃ ಪುನಃ ಕಳುಹುತ್ತಿರುವಾಗಲೇ ಶತ್ರುವಿಮಾನಗಳು ಎರಗಿ ಬರ್ಚಲನ ವಿಮಾನವನ್ನು ಕೆಡವಿದುವು. ಬದುಕುಳಿದು ಸೆರೆಯಾದವರು ಆರು ಮಂದಿ.

ಮರುದಿನ ಈಸ್ಟರ್ ಭಾನುವಾರದ ಬೆಳಿಗ್ಗೆ ಕೊಲಂಬೊದ ಮೇಲೆ ದಾಳಿ ನಡೆಯುವ ವೇಳೆಗೆ ಬಂದರಿನ ಬಹುಪಾಲು ಹಡಗುಗಳು ಚದುರಿಹೋಗಿದ್ದುವು. ಬರ್ಚಲನಿಗೆ ‘ಸಿಂಹಳದ ಸಂರಕ್ಷಕ’ನೆಂಬ ಬಿರುದು ಬಂದುದು ಇದರಿಂದ. ಆದರೂ ಎಚ್ಚರಿಕೆಯ ಪೂರ್ಣಫಲವನ್ನು ಪಡೆಯಲು ದ್ವೀಪದ ರಕ್ಷಕರು ಸಮರ್ಥರಾಗಲಿಲ್ಲವೆಂಬುದನ್ನು ಮರೆಮಾಚಲಾಗದು: ರತ್ಮಲಾನದ ಕಾದಾಟದ ವಿಮಾನಗಳು ನೆಲದ ಮೇಲಿರುವಾಗಲೇ ವೈರಿಗಳು ತಲೆಯ ಮೇಲಿದ್ದರು, ಡಾರ್ಸೆಟ್‌ಷೈರ್ ಮತ್ತು ಕಾರ್ನ್‌ವಾಲ್ ಯುದ್ಧನೌಕೆಗಳು ಆ ದಿನವೇ ಮುಳುಗಿದುವು. ಏಪ್ರಿಲ್ 9ರಂದು ತ್ರಿಕೋಣಮಲೆಯ ಕಡೆ ಅದೇ ಪಡೆಯನ್ನು ಕಂಡುಹಿಡಿದ ದಳದ ಇನ್ನೊಂದು ಕೆಟಲೈನದಿಂದ ಒಬ್ಬನೂ ಉಳಿಯಲಿಲ್ಲ. ಆ ಸಿಬ್ಬಂದಿಯ ಹೆಸರನ್ನು ಬಲ್ಲವರು ವಿರಳ.

ಉಳಿದ ಕಾಲವೆಲ್ಲ ಸಾಗಿದುದು ಜಲಾಂತರ್ಗಾಮಿಗಳ ಶೋಧ, ಹಡಗುಗಳ ಬೆಂಗಾವಲು, ಮುಳುಗಿದ ನೌಕೆಗಳ ನಾವಿಕರ ಅನ್ವೇಷಣೆ ಇವುಗಳಲ್ಲಿ. 1945ರ ಫೆಬ್ರುವರಿ 23ರಂದು ದಳವು ವಿಸರ್ಜಿತವಾಯಿತು. ಯುದ್ಧಾನಂತರ ಅದೇ ಸಂಖ್ಯೆಯಲ್ಲಿ ಪುನಃ ರೂಪುಗೊಂಡು, ಈಗ ನೋವ ಸ್ಕೋಷಿಯದ ಗ್ರೀನ್‌ವುಡ್ಡಿನಲ್ಲಿ ಆಪತ್ತಿನಲ್ಲಿರುವವರನ್ನು ಹುಡುಕಿ ಉದ್ಧರಿಸುವ ಕಾರ್ಯದಲ್ಲಿ ನಿರತವಾಗಿದೆ.