ಗಣಿಯ ಬಾಯಲ್ಲಿ ತೂಕ ನೋಡುತ್ತಿದ್ದವರು

2025ರ ಮೇ 1ರಂದು ಇಂಗ್ಲೆಂಡಿನ ಈಶಾನ್ಯ ಮೂಲೆಯ ಡರಮ್ ಕೌಂಟಿಯಲ್ಲಿ ಸ್ಥಳೀಯ ಚುನಾವಣೆ ನಡೆಯಿತು. ಕೌಂಟಿ ಕೌನ್ಸಿಲ್ಲಿನ 98 ಸ್ಥಾನಗಳಲ್ಲಿ 65 ಬಲಪಂಥೀಯ ರಿಫಾರ್ಮ್ ಯುಕೆ ಪಕ್ಷದ ಪಾಲಾದವು. ಲೇಬರ್ ಪಕ್ಷಕ್ಕೆ ದಕ್ಕಿದ್ದು 4. ಹೊರಗಿನವರಿಗೆ ಇದೊಂದು ಜಿಲ್ಲಾ ಪರಿಷತ್ತಿನ ಫಲಿತಾಂಶ, ಅಷ್ಟೆ. ಆದರೆ ಇಂಗ್ಲೆಂಡಿನಲ್ಲಿ ಲೇಬರ್ ಪಕ್ಷ ಮೊಟ್ಟಮೊದಲು ಗೆದ್ದ ಕೌಂಟಿ ಕೌನ್ಸಿಲ್ ಇದು. 1919ರಲ್ಲಿ ಗೆದ್ದಿತು, 1922ರಲ್ಲಿ ಸೋತಿತು, 1925ರಲ್ಲಿ ಮತ್ತೆ ಹಿಡಿಯಿತು. ಅಲ್ಲಿಂದ 2021ರ ತನಕ ಬಿಟ್ಟುಕೊಟ್ಟದ್ದೇ ಇಲ್ಲ. ತೊಂಬತ್ತಾರು ವರ್ಷ ಒಂದು ಊರು ಒಂದು ಪಕ್ಷವನ್ನು ಹೊತ್ತು ನಡೆದಿದೆ ಎಂದರೆ, ಅದು ಕೆಳಗಿಳಿಸಿದ್ದಕ್ಕೂ ಒಂದು ಚರಿತ್ರೆ ಇರಲೇಬೇಕು.

ನಾನು ಇಲ್ಲಿಗೆ ಬಂದದ್ದು 1981ರಲ್ಲಿ. ಕೋಲಾರದ ಕಡೆಯವನು, ಬೆಂಗಳೂರಿನಲ್ಲಿ ಎಂಬಿಬಿಎಸ್ ಓದಿದವನು. ಇಂಗ್ಲಿಷ್ ಡಾಕ್ಟರುಗಳು ಬರಲೊಪ್ಪದ ಗಣಿ ಹಳ್ಳಿಗಳ ದವಾಖಾನೆಗಳನ್ನು ಆ ಕಾಲದಲ್ಲಿ ನಡೆಸುತ್ತಿದ್ದವರಲ್ಲಿ ನಮ್ಮಂಥವರೇ ಹೆಚ್ಚು. ನನಗೆ ಸಿಕ್ಕಿದ್ದು ಸಮುದ್ರದಂಚಿನ ಒಂದು ಹಳ್ಳಿ. ಬಂದ ಮೊದಲ ವಾರವೇ ಒಬ್ಬ ಮುದುಕನ ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಕೇಳಿಸಿದ ಸದ್ದು ನನಗೆ ಹೊಸದಲ್ಲ. ನಮ್ಮ ದೊಡ್ಡಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಇಳಿಯುತ್ತಿದ್ದರು. ಲಂಡನ್ನಿನ ಜಾನ್ ಟೇಲರ್ ಕಂಪನಿಯ ಕಾಲ ಅದು. ಅಲ್ಲಿ ಕಲ್ಲಿನ ಧೂಳು, ಇಲ್ಲಿ ಕಲ್ಲಿದ್ದಲಿನ ಧೂಳು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರಿಗೆ ಕಾಯುವ ರೀತಿ ಮಾತ್ರ ಎರಡು ಕಡೆಯೂ ಒಂದೇ. ಆ ಕಾರಣಕ್ಕೋ ಏನೋ, ಈ ಜನರ ರಾಜಕೀಯ ನನಗೆ ಮೊದಲಿನಿಂದಲೂ ನನ್ನ ಮನೆಯ ವಿಷಯವೇ ಆಗಿತ್ತು.

ಈಗ ಲಂಡನ್ನಿನಲ್ಲಿ ಕುಳಿತು ಬರೆಯುವವರು, ಡರಮ್‌ನ ಕಾರ್ಮಿಕರು ಹುಟ್ಟಾ ಲೇಬರ್, ಈಗ ದಾರಿ ತಪ್ಪಿದ್ದಾರೆ ಎಂಬಂತೆ ಬರೆಯುತ್ತಾರೆ. ಅದು ನಿಜವಲ್ಲ. ಡರಮ್ ಗಣಿ ಕಾರ್ಮಿಕರ ಸಂಘ ಹುಟ್ಟಿದ್ದು 1869ರಲ್ಲಿ. ಅದಾದ ನಲವತ್ತು ವರ್ಷ ಅವರು ಲಿಬರಲ್ ಪಕ್ಷದ ಜೊತೆಗಿದ್ದರು. ಸಂಘದ ಪ್ರಧಾನ ಕಾರ್ಯದರ್ಶಿ ಜಾನ್ ವಿಲ್ಸನ್ ಸ್ವತಃ ಗಣಿಗಿಳಿದು ಬಂದವರು, ಆದರೆ 1915ರಲ್ಲಿ ಸಾಯುವ ತನಕ ಲಿಬರಲ್ ಸಂಸದರಾಗಿಯೇ ಇದ್ದರು. ಬ್ರಿಟನ್ನಿನ ಗಣಿ ಕಾರ್ಮಿಕರ ಒಕ್ಕೂಟ ಲೇಬರ್ ಪಕ್ಷವನ್ನು ಸೇರಿದ್ದೇ 1909ರಲ್ಲಿ. ಅಂದರೆ ಈ ಮತಗಳನ್ನು ಒಂದು ಸಲ ದುಡಿದು ಗಳಿಸಬೇಕಾಗಿ ಬಂದಿತ್ತು. ಹೇಗೆ ಗಳಿಸಿದರು ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಏಕೆಂದರೆ ಇವತ್ತಿನ ಪ್ರಶ್ನೆಗೆ ಬೇಕಾದದ್ದೆಲ್ಲ ಅಲ್ಲೇ ಇದೆ.

ಕಲ್ಲಿದ್ದಲು ಕಡಿಯುವವನಿಗೆ ಕೂಲಿ ದಿನದ ಲೆಕ್ಕದಲ್ಲಿರಲಿಲ್ಲ, ತೂಕದ ಲೆಕ್ಕದಲ್ಲಿತ್ತು. ಅವನು ಪಾತಾಳದಲ್ಲಿ ಮಂಡಿಯೂರಿ, ಕೆಲವೊಮ್ಮೆ ಮಗ್ಗುಲಾಗಿ ಮಲಗಿ ಕಡಿದು, ಟಬ್ಬಿಗೆ ತುಂಬಿ, ತನ್ನ ನಂಬರಿನ ಬಿಲ್ಲೆಯನ್ನು ಅದಕ್ಕೆ ಕಟ್ಟಿ ಮೇಲಕ್ಕೆ ಕಳಿಸುತ್ತಿದ್ದ. ಮೇಲೆ, ಬಾವಿಯ ಬಾಯಲ್ಲಿ, ಕಂಪನಿಯ ಗುಮಾಸ್ತ ತೂಗುತ್ತಿದ್ದ. ತೂಕ ಕಡಿಮೆ ಎಂದು ಬರೆದರೆ ಕಡಿಮೆ. ಕಲ್ಲು ಹೆಚ್ಚು ಬೆರೆತಿದೆ ಎಂದರೆ ಇಡೀ ಟಬ್ಬಿನ ಕೂಲಿಯೇ ಹೋಯಿತು. ನೂರಾರು ಅಡಿ ಕೆಳಗಿರುವವನಿಗೆ ಇದು ತಿಳಿಯುವ ಹೊತ್ತಿಗೆ ಟಬ್ಬು ಖಾಲಿಯಾಗಿ ವಾಪಸ್ಸು ಬಂದಿರುತ್ತಿತ್ತು. ಹೋರಾಡಿ ಪಡೆದ ಹಕ್ಕೊಂದು 1860ರಲ್ಲಿ ಕಾನೂನಾಯಿತು, 1887ರಲ್ಲಿ ಇನ್ನಷ್ಟು ಗಟ್ಟಿಯಾಯಿತು: ಕಂಪನಿಯ ಗುಮಾಸ್ತನ ಪಕ್ಕದಲ್ಲಿ ಕಾರ್ಮಿಕರು ತಮ್ಮದೇ ಒಬ್ಬನನ್ನು ನಿಲ್ಲಿಸಬಹುದು. ಅವನೇ ಚೆಕ್‌ವೇಮನ್. ಅವನನ್ನು ಆರಿಸುವವರು ಕಾರ್ಮಿಕರು, ಅವನ ಸಂಬಳ ಕೊಡುವವರೂ ಅವರೇ. ಕಂಪನಿಯ ಋಣ ಅವನ ಮೇಲಿಲ್ಲ, ಆದ್ದರಿಂದ ಹೆದರಿಕೆಯೂ ಇಲ್ಲ. ಲೆಕ್ಕ ಬಲ್ಲವನು, ಕುಡಿಯದವನು, ಎಷ್ಟೋ ಸಲ ಮೆಥಡಿಸ್ಟ್ ಚಾಪೆಲ್‌ನಲ್ಲಿ ಭಾನುವಾರ ಉಪದೇಶ ಮಾಡುವವನು. ಒಬ್ಬೊಬ್ಬನ ಮನೆಗೂ ಈ ವಾರ ಎಷ್ಟು ಹಣ ಹೋಗುತ್ತದೆಂದು ಊರಿನಲ್ಲಿ ಅವನಿಗೆ ಗೊತ್ತು.

ಪೀಟರ್ ಲೀ ಅಂಥವರು. 1864ರಲ್ಲಿ ಟ್ರಿಮ್ಡನ್ ಗ್ರೇಂಜ್‌ನಲ್ಲಿ ಹುಟ್ಟಿದರು, ಹತ್ತನೆಯ ವಯಸ್ಸಿಗೆ ಗಣಿಗಿಳಿದರು. ಅಮೆರಿಕ, ದಕ್ಷಿಣ ಆಫ್ರಿಕದ ಗಣಿಗಳಲ್ಲೂ ದುಡಿದು ಬಂದು ವೀಟ್ಲಿ ಹಿಲ್ ಎಂಬ ಹಳ್ಳಿಯಲ್ಲಿ ಚೆಕ್‌ವೇಮನ್ ಆದರು. ಆ ಕಾಲದ ಗಣಿ ಹಳ್ಳಿಗಳೆಂದರೆ ಕಂಪನಿ ಕಟ್ಟಿಸಿದ ಸಾಲುಮನೆಗಳು, ಹಿತ್ತಿಲಿನಲ್ಲಿ ತೆರೆದ ಪಾಯಿಖಾನೆ, ಬೀದಿಗೆ ಮಣ್ಣು. ಲೀ ಗ್ರಾಮ ಕೌನ್ಸಿಲ್ಲಿಗೆ ನಿಂತು ಕೇಳಿದ್ದು ಸಮಾಜವಾದವನ್ನಲ್ಲ; ಕೊಳವೆ ನೀರು, ಚರಂಡಿ, ಬೀದಿದೀಪ, ಹೆಣ ಹೂಳಲು ಸ್ಮಶಾನ. ಇವೆಲ್ಲ ಒಂದೊಂದಾಗಿ ಬಂದವು. 1919ರಲ್ಲಿ ಲೇಬರ್ ಕೌಂಟಿಯನ್ನು ಗೆದ್ದಾಗ ಅವರೇ ಅಧ್ಯಕ್ಷರಾದರು. ಬರ್ನ್‌ಹೋಪ್ ಜಲಾಶಯದ ಯೋಜನೆಯ ಹಿಂದೆ ನಿಂತವರೂ ಅವರೇ. ಎರಡನೆಯ ಮಹಾಯುದ್ಧದ ನಂತರ ಇಲ್ಲಿ ಹೊಸ ಪಟ್ಟಣವೊಂದನ್ನು ಕಟ್ಟಿದಾಗ ಅದಕ್ಕೆ ಪೀಟರ್‌ಲೀ ಎಂದೇ ಹೆಸರಿಟ್ಟರು.

ವೃದ್ಧ ಕಾರ್ಮಿಕರ ಮನೆಗಳ ಕಥೆಯೂ ಇದೇ ಜಾತಿಯದು. ಕೆಲಸ ಬಿಟ್ಟ ದಿನ ಕಂಪನಿಯ ಮನೆಯನ್ನೂ ಬಿಡಬೇಕು ಎಂಬುದು ನಿಯಮ. ಐವತ್ತು ವರ್ಷ ದುಡಿದ ಮುದುಕ, ಮುದುಕಿ ಎಲ್ಲಿಗೆ ಹೋಗಬೇಕು? ಜೋಸೆಫ್ ಹಾಪರ್ ಎಂಬ ಗಣಿಗ, ಇವರೂ ಮೆಥಡಿಸ್ಟ್ ಉಪದೇಶಕರೇ, 1890ರ ದಶಕದಲ್ಲಿ ಈ ಮಾತೆತ್ತಿದರು. ಕಾರ್ಮಿಕರು ತಮ್ಮ ಕೂಲಿಯಿಂದ ಚಂದಾ ಎತ್ತಿ ಸಣ್ಣ ಸಣ್ಣ ಮನೆಗಳನ್ನು ಕಟ್ಟತೊಡಗಿದರು. ಆ ಮನೆಗಳು ಇವತ್ತಿಗೂ ಇವೆ, ಅವುಗಳ ಒಳಗೆ ಹೋಗಿ ನಾನು ಎಷ್ಟೋ ಜನರ ಬಿಪಿ ನೋಡಿದ್ದೇನೆ. ಪಕ್ಷ ಮತ ಕೇಳಲು ಬಾಗಿಲು ತಟ್ಟುವ ಮೊದಲೇ, ಆ ಬಾಗಿಲನ್ನು ಕಟ್ಟಿಸಿದ ಜನವೇ ಮುಂದೆ ಪಕ್ಷದವರಾದರು.

ಹೀಗೆ ಗಳಿಸಿದ ನಿಷ್ಠೆ ಕುರುಡು ನಿಷ್ಠೆಯಾಗಿರಲಿಲ್ಲ. ಲೇಬರ್ ಪ್ರಧಾನಿ ರ‍್ಯಾಮ್ಸೇ ಮ್ಯಾಕ್‌ಡೊನಾಲ್ಡ್ ಇಲ್ಲಿನ ಸೀಮ್ ಕ್ಷೇತ್ರದಿಂದಲೇ ಗೆದ್ದವರು. 1931ರಲ್ಲಿ ಕನ್ಸರ್ವೇಟಿವರ ಜೊತೆ ಸೇರಿ ಸರಕಾರ ಮಾಡಿದರು, ಪಕ್ಷ ಅವರನ್ನು ಹೊರಹಾಕಿತು. 1935ರಲ್ಲಿ ಅದೇ ಗಣಿಗರು, ಪ್ರಧಾನಿ ಪಟ್ಟದಿಂದ ಆಗಷ್ಟೇ ಇಳಿದಿದ್ದ ಆ ದೊಡ್ಡ ಮನುಷ್ಯನನ್ನು 20 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಸೋಲಿಸಿದರು. ಗೆದ್ದ ಇಮ್ಯಾನುಯೆಲ್ ಶಿನ್‌ವೆಲ್ ಮುಂದೆ ಇಂಧನ ಸಚಿವರಾದರು. 1947ರ ಜನವರಿ 1ರಂದು ಗಣಿಗಳು ರಾಷ್ಟ್ರೀಕರಣಗೊಂಡಾಗ ಪ್ರತಿ ಗಣಿಯ ಮುಂದೆಯೂ, ಇದು ಇನ್ನು ಜನರ ಪರವಾಗಿ ನಡೆಯುತ್ತದೆ ಎಂಬ ಫಲಕ ನೆಟ್ಟರು.

ಪಕ್ಷ ಸೋಲತೊಡಗಿದ್ದು ಆ ಗೆಲುವಿನ ಬೆನ್ನಿಗೇ ಎಂದು ನನ್ನ ಅಭಿಪ್ರಾಯ. 1980ರ ದಶಕದಿಂದ, ಕನ್ಸರ್ವೇಟಿವ್ ಪ್ರಧಾನಿ ಥ್ಯಾಚರ್ ಅವರಿಂದ ಕಥೆ ಶುರುಮಾಡುವುದು ರೂಢಿ. ಆದರೆ ಅದಕ್ಕೂ ಬಹಳ ಮೊದಲೇ, 1951ರಲ್ಲಿ, ಲೇಬರ್ ಕೈಯಲ್ಲಿದ್ದ ಇದೇ ಕೌಂಟಿ ಕೌನ್ಸಿಲ್ ತನ್ನ ಅಭಿವೃದ್ಧಿ ಯೋಜನೆಯಲ್ಲಿ ಹಳ್ಳಿಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿತು. ಡಿ ವರ್ಗದಲ್ಲಿ 114 ಹಳ್ಳಿಗಳು. ಅಲ್ಲಿನ ಗಣಿ ಮುಗಿಯುತ್ತಿದೆ, ಆದ್ದರಿಂದ ಹೊಸ ಮನೆ ಇಲ್ಲ, ಹೊಸ ಚರಂಡಿ ಇಲ್ಲ, ಜನ ಪೀಟರ್‌ಲೀಯಂಥ ಪಟ್ಟಣಗಳಿಗೆ ಹೋಗಲಿ. ಕಾಗದದ ಮೇಲೆ ಇದು ವಿವೇಕದ ಮಾತೇ. ಆದರೆ ಚರಂಡಿ ತಂದುಕೊಟ್ಟ ಪಕ್ಷವೇ ಬಂದು ನಿಮ್ಮ ಊರಿಗೆ ಇನ್ನು ಚರಂಡಿ ಇಲ್ಲ ಎಂದಿತು. ನನ್ನ ರೋಗಿಗಳಲ್ಲಿ ಕೆಲವು ಹೆಂಗಸರು, ತಮ್ಮ ತಾಯಂದಿರು ಆ ಸಭೆಗಳಲ್ಲಿ ಎದ್ದು ನಿಂತು ಜಗಳವಾಡಿದ್ದನ್ನು ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತಿದ್ದರು. ಹಲವು ಹಳ್ಳಿಗಳು ಹಟ ಹಿಡಿದು ಉಳಿದುಕೊಂಡವು. 1977ರಲ್ಲಿ ಯೋಜನೆಯನ್ನು ಕೈಬಿಟ್ಟರು. 1960ರ ದಶಕದಲ್ಲಿ ಹೆರಾಲ್ಡ್ ವಿಲ್ಸನ್ನರ ಲೇಬರ್ ಸರಕಾರ ಮುಚ್ಚಿದ ಗಣಿಗಳೂ ಕಡಿಮೆಯಲ್ಲ. ದೇಶದಲ್ಲಿ ಇನ್ನೂರಕ್ಕೂ ಹೆಚ್ಚು.

ಗಣಿ ಮುಚ್ಚುವುದರ ವಿರುದ್ಧ ಗಣಿಗರು ಹೂಡಿದ 1984ರ ಮುಷ್ಕರದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಕಂಡದ್ದು ಅಡುಗೆಮನೆಯ ಕಡೆಯಿಂದ. ವೆಲ್‌ಫೇರ್ ಹಾಲ್‌ಗಳಲ್ಲಿ ಹೆಂಗಸರು ಊರಿಗೆಲ್ಲ ಬೇಯಿಸಿ ಹಾಕುತ್ತಿದ್ದರು. ತೂಕ ಇಳಿದ ಮಕ್ಕಳಿಗಿಂತ, ತಾವು ಉಣ್ಣದೆ ಮಕ್ಕಳಿಗೆ ಬಡಿಸಿದ ತಾಯಂದಿರು ನನ್ನಲ್ಲಿಗೆ ಹೆಚ್ಚು ಬಂದರು. 1985ರ ಮಾರ್ಚ್‌ನಲ್ಲಿ ಬ್ಯಾಂಡು ಬಾರಿಸುತ್ತ, ಬಾವುಟ ಹಿಡಿದು ಕೆಲಸಕ್ಕೆ ಮರಳಿದರು. 1993ರಲ್ಲಿ ಈಸಿಂಗ್ಟನ್ ಗಣಿ ಮುಚ್ಚಿತು, ಆ ವರ್ಷದ ಕೊನೆಯಲ್ಲಿ ವೇರ್‌ಮತ್. ಡರಮ್ ಸೀಮೆಯ ಕಡೆಯ ಗಣಿ ಅದು. ಒಂದು ಕಾಲಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ದುಡಿದಿದ್ದ ಕಸುಬು ಹೋಯಿತು. ಅದರೊಂದಿಗೆ ಸಂಘದ ಶಾಖೆ ಹೋಯಿತು, ವಾರವಾರ ಚಂದಾ ವಸೂಲಿಗೆ ಬರುವವನು ಹೋದ.

ಮುಂದೆ ಲೇಬರ್ ಪ್ರಧಾನಿಯಾದ ಟೋನಿ ಬ್ಲೇರ್ ಇಲ್ಲಿಯದೇ ಸಂಸದರು, ಸೆಡ್ಜ್‌ಫೀಲ್ಡ್‌ನಿಂದ 1983ರಲ್ಲಿ ಗೆದ್ದವರು. ಅವರ ಸರಕಾರವನ್ನು ಸುಮ್ಮನೆ ಬೈಯುವುದು ನನಗೆ ಸರಿ ಕಾಣುವುದಿಲ್ಲ. 1999ರಲ್ಲಿ ಕನಿಷ್ಠ ವೇತನ ಬಂತು. ಎದೆರೋಗದ, ಕೈಬೆರಳು ಬಿಳಿಚುವ ರೋಗದ ಗಣಿಗರಿಗೆ ಪರಿಹಾರ ಕೊಡುವ ಎರಡು ಯೋಜನೆಗಳು ಬಂದವು. ದೇಶದಾದ್ಯಂತ ಏಳೂವರೆ ಲಕ್ಷಕ್ಕೂ ಹೆಚ್ಚು ಅರ್ಜಿ, 400 ಕೋಟಿ ಪೌಂಡಿಗೂ ಮಿಕ್ಕಿದ ಹಣ. ಅರ್ಜಿಗಳಿಗೆ ಬೇಕಾದ ರೋಗಿಯ ಕಡತಗಳನ್ನು ಕಟ್ಟುಕಟ್ಟಾಗಿ ಕಳಿಸಿಕೊಟ್ಟವರು ನಾವು ಹಳ್ಳಿಯ ಡಾಕ್ಟರುಗಳು. ಆದರೆ ಆ ಹಣ ಮುದುಕರ ಮನೆಗೆ ಬಂದದ್ದು ವಕೀಲರ ಲಕೋಟೆಯಲ್ಲಿ. ಕೆಲವು ವಕೀಲರು ಸರಕಾರದಿಂದ ಫೀಸು ಪಡೆದೂ ಮುದುಕರ ಪಾಲಿನಿಂದ ಮತ್ತೆ ಮುರಿದುಕೊಂಡರು. ಆಗ ಅವರ ಪಕ್ಕದಲ್ಲಿ ಕುಳಿತು, ಇದು ನಿನಗೆ ಬರಬೇಕಾದದ್ದು, ಇಷ್ಟು ಕಡಿಮೆ ಕೊಟ್ಟಿದ್ದಾರೆ ಎಂದು ಲೆಕ್ಕ ನೋಡುವ ಲೇಬರ್ ಮನುಷ್ಯ ನಮ್ಮ ಊರಿನಲ್ಲಿ ಒಬ್ಬನೂ ಇರಲಿಲ್ಲ. ಗಣಿಗರಿಗಾಗಿ ಅಷ್ಟು ದೊಡ್ಡ ಕೆಲಸ ಮಾಡಿದ ಸರಕಾರಕ್ಕೆ ನಮ್ಮ ಊರಿನಲ್ಲಿ ಮುಖವೇ ಇರಲಿಲ್ಲ. ಜುಲೈನ ಎರಡನೆಯ ಶನಿವಾರ ಡರಮ್‌ನಲ್ಲಿ ಗಣಿಗರ ಜಾತ್ರೆ ಸೇರುತ್ತದೆ. ಶಾಖೆಶಾಖೆಯ ರೇಷ್ಮೆ ಬಾವುಟಗಳು, ಹಿತ್ತಾಳೆಯ ಬ್ಯಾಂಡು, ಕೆಥೀಡ್ರಲ್‌ನಲ್ಲಿ ಪ್ರಾರ್ಥನೆ. 1989ರ ನಂತರ 2012ರ ತನಕ ಲೇಬರ್ ಪಕ್ಷದ ಒಬ್ಬ ನಾಯಕನೂ ಅದರ ವೇದಿಕೆ ಹತ್ತಲಿಲ್ಲ.

ಜನ ಮೊದಲು ಬೇರೆ ಪಕ್ಷಕ್ಕೆ ಹೋಗಲಿಲ್ಲ. ಮೊದಲು ಮನೆಯಲ್ಲೇ ಉಳಿದರು. 2001ರಲ್ಲಿ ದೇಶದ ಮತದಾನ ಶೇಕಡ 59.4ಕ್ಕೆ ಇಳಿಯಿತು. 2016ರ ಜನಮತದಲ್ಲಿ ಕೌಂಟಿಯ ಶೇಕಡ 57.5 ಮತ ಯುರೋಪ್ ಒಕ್ಕೂಟದಿಂದ ಹೊರಬರುವುದಕ್ಕೆ ಬಿತ್ತು. 2019ರಲ್ಲಿ ಸೆಡ್ಜ್‌ಫೀಲ್ಡ್ ಕನ್ಸರ್ವೇಟಿವರ ಪಾಲಾಯಿತು; 1885ರಿಂದ ಎಂದೂ ಅವರಿಗೆ ಒಲಿಯದ ಬಿಷಪ್ ಆಕ್ಲೆಂಡ್ ಕೂಡ. 2024ರಲ್ಲಿ ಲೇಬರ್ ಎಲ್ಲವನ್ನೂ ಮರಳಿ ಪಡೆಯಿತು. ಹತ್ತು ತಿಂಗಳಿಗೆ ಕೌಂಟಿ ಕೌನ್ಸಿಲ್ಲಿನಲ್ಲಿ ನೆಲಕಚ್ಚಿತು.

ಆ ಹತ್ತು ತಿಂಗಳಲ್ಲಿ ನಡೆದದ್ದನ್ನು ನಾನು ಒಬ್ಬ ಮನುಷ್ಯನಲ್ಲಿ ಕಂಡೆ. 2024ರ ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ ಹಾರ್ಟ್ಲ್‌ಪೂಲ್, ಸಂಡರ್‌ಲೆಂಡ್‌ಗಳಲ್ಲಿ ವಲಸಿಗರ ವಿರುದ್ಧ ದಂಗೆಯಾದಾಗ, ನನ್ನ ಹಳೆಯ ರೋಗಿ, ಮಾಜಿ ಗಣಿಗ, ಸಂಜೆ ನಮ್ಮ ಮನೆಗೆ ಬಂದು, "ಡಾಕ್ಟರೇ, ಕತ್ತಲಾಗುವ ತನಕ ನಿಮ್ಮ ಮನೆ ಮುಂದೆ ಕೂತಿರುತ್ತೇನೆ" ಎಂದ. ಕೂತಿದ್ದ ಕೂಡ. ಮರುವರ್ಷ ಮೇನಲ್ಲಿ ಅವನೇ ರಿಫಾರ್ಮ್‌ಗೆ ಮತ ಹಾಕಿದ್ದೇನೆಂದು ನನ್ನ ಮುಖ ನೋಡಿಯೇ ಹೇಳಿದ. ಚಳಿಗಾಲದ ಇಂಧನ ಭತ್ಯೆಯನ್ನು ಲೇಬರ್ ಸರಕಾರ ಹೆಚ್ಚಿನ ಪಿಂಚಣಿದಾರರಿಂದ ಕಿತ್ತುಕೊಂಡಿತ್ತು, ಅವನದೂ ಹೋಗಿತ್ತು. ಅದೇ ಸರಕಾರ ಗಣಿಗರ ಪಿಂಚಣಿ ನಿಧಿಯಲ್ಲಿ ತಾನು ಇಟ್ಟುಕೊಂಡಿದ್ದ 150 ಕೋಟಿ ಪೌಂಡನ್ನು ಬಿಟ್ಟುಕೊಟ್ಟು ಅವನ ಪಿಂಚಣಿಯನ್ನು ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಏರಿಸಿತ್ತು ಎಂದು ನೆನಪಿಸಿದೆ. "ಹಾಗಂತ ನನಗೆ ಯಾರು ಹೇಳಿದರು? ಕಾಗದ ಬಂತು, ಅಷ್ಟೆ" ಎಂದ. ಈ ಮನುಷ್ಯನನ್ನು ಮರಳಿ ತರಲು ವಲಸಿಗರನ್ನು ಬೈಯಬೇಕು ಎನ್ನುವ ಲೇಬರ್ ತಂತ್ರಜ್ಞರು ಅವನನ್ನು ಅರಿತಿಲ್ಲ. ಘೋಷಣೆಗಳನ್ನು ಇನ್ನಷ್ಟು ಕೆಂಪು ಮಾಡಿದರೆ ಸಾಕು ಎನ್ನುವವರೂ ಅರಿತಿಲ್ಲ. ಅವನ ಅಜ್ಜನಿಗೆ ಪಕ್ಷ ಎಂದರೆ, ತನ್ನ ಟಬ್ಬಿನ ಪಕ್ಕ ದಿನವೂ ನಿಲ್ಲುತ್ತಿದ್ದ ಪರಿಚಯದ ಮುಖ.

ಈಗಿನ ಟಬ್ಬು ಯಾವುದೆಂದು ನನ್ನ ದವಾಖಾನೆಯಲ್ಲೇ ನೋಡಿದೆ. ಗಣಿಗರ ಮೊಮ್ಮಕ್ಕಳು ಹೆದ್ದಾರಿ ಪಕ್ಕದ ಗೋದಾಮುಗಳಲ್ಲಿ, ಕಾಲ್ ಸೆಂಟರುಗಳಲ್ಲಿ ಇದ್ದಾರೆ. ಹೆಣ್ಣು ಮೊಮ್ಮಕ್ಕಳಲ್ಲಿ ಎಷ್ಟೋ ಜನ ಮನೆಮನೆಗೆ ಹೋಗಿ ವೃದ್ಧರಿಗೆ ಸ್ನಾನ ಮಾಡಿಸುವ, ಮಾತ್ರೆ ಕೊಡುವ ಕೆಲಸದಲ್ಲಿದ್ದಾರೆ. ಒಂದು ಮನೆಯಿಂದ ಇನ್ನೊಂದಕ್ಕೆ ಗಾಡಿ ಓಡಿಸುವ ಹೊತ್ತಿಗೆ ಎಷ್ಟೋ ಕಡೆ ಸಂಬಳ ಕೊಡುವುದಿಲ್ಲ. ಅದನ್ನೂ ಕೂಡಿಸಿ ಲೆಕ್ಕ ಹಾಕಿದರೆ ಕನಿಷ್ಠ ವೇತನಕ್ಕಿಂತ ಕೆಳಗಿಳಿಯುತ್ತದೆ. 2024ರ ಅಕ್ಟೋಬರ್‌ನಲ್ಲಿ ಲೇಬರ್ ಸರಕಾರ ಮಂಡಿಸಿದ ಉದ್ಯೋಗ ಹಕ್ಕುಗಳ ಮಸೂದೆ ಕೆಲಸದ ಜಾಗಕ್ಕೆ ಸಂಘದವರು ಕಾಲಿಡುವ ಹಕ್ಕನ್ನು ಮುಂದಿಟ್ಟಿತು. 1860ರ ಕಾನೂನಿನಷ್ಟೇ ದೊಡ್ಡ ಹೆಜ್ಜೆಯಾಗಬಲ್ಲದು ಅದು. ಆದರೆ ಆ ಹಳೆಯ ಕಾನೂನು ಹಿಡಿದು ತಕ್ಕಡಿಯ ಪಕ್ಕ ಹೋಗಿ ನಿಲ್ಲುವ ಮನುಷ್ಯರನ್ನು ಅಂದು ಹಳ್ಳಿ ಹಳ್ಳಿಯೂ ಹುಡುಕಿ ಕೊಟ್ಟಿತ್ತು.

ನಮ್ಮ ವಾರ್ಡಿನ ಪಕ್ಷದಲ್ಲಿ ಈಗ ಹದಿನೈದು ಜನರೂ ಸಭೆಗೆ ಬರುವುದಿಲ್ಲ. ಅವರಲ್ಲಿ ಒಬ್ಬಳು, ಇದೇ ಆರೈಕೆ ಕೆಲಸದವಳು, ಗುರುವಾರ ಸಂಜೆ ವೆಲ್‌ಫೇರ್ ಹಾಲ್‌ನಲ್ಲಿ ಮೇಜು ಹಾಕಿ ಕೂರುತ್ತಾಳೆ. ಯಾರು ಬೇಕಾದರೂ ಸಂಬಳದ ಚೀಟಿ ತರಬಹುದು, ಯಾವ ಪಕ್ಷ ಎಂದು ಕೇಳುವುದಿಲ್ಲ. ಫೋನಿನಲ್ಲಿ ಉಳಿದಿರುವ ಪ್ರಯಾಣದ ಹೊತ್ತನ್ನೂ ಚೀಟಿಯಲ್ಲಿರುವ ಗಂಟೆಗಳನ್ನೂ ಪಕ್ಕಪಕ್ಕ ಬರೆದು ಕೂಡುತ್ತಾಳೆ, ಬಾಕಿ ಕೇಳುವ ಪತ್ರ ಬರೆದುಕೊಡುತ್ತಾಳೆ. ಕೆಲವರಿಗೆ ಬಾಕಿ ಬಂದಿದೆ. ಇದರಿಂದ ಎಷ್ಟು ಮತ ಬರುತ್ತದೆಂದು ಮೇಲಿನಿಂದ ಬಂದ ಪಕ್ಷದ ಸಂಘಟಕರೊಬ್ಬರು ಕೇಳಿದರು. ಮುಂದಿನ ಕೌಂಟಿ ಚುನಾವಣೆ 2029ಕ್ಕೆ ಎಂದಳು, ಮೇಜಿಗೆ ಇನ್ನೊಂದು ಕುರ್ಚಿ, ಲೆಕ್ಕ ಬಲ್ಲ ಇನ್ನೊಬ್ಬರು ಬೇಕೆಂದು ಕೇಳಿದಳು.