ದಂಡು ಕಥೆಗಳು, ಭಾಗ 6: ಒಂದೇ ಬರ್ತು, ಇಬ್ಬರು ಪ್ರಯಾಣಿಕರು

ಮೊದಲು ನನ್ನ ತಪ್ಪು ಒಪ್ಕೋತೀನಿ. ನಮ್ಮ ಫೆಸ್ಟಿಗೆ 100 ಸೀಟು. ನಾನೊಂದು ಶೀಟಲ್ಲಿ, ಫ್ರೆಂಡ್ ಇನ್ನೊಂದು ಶೀಟಲ್ಲಿ ಹೆಸರು ಬರ್ಕೊಂಡ್ವಿ. ರಾತ್ರಿ ಸೇರಿಸಿ ನೋಡೋಣ ಅಂದ್ಕೊಂಡ್ವಿ, ನೋಡಲಿಲ್ಲ. ಮರುದಿನ ದುಡ್ಡು ಕೊಟ್ಟಿದ್ದ ಜೂನಿಯರ್ ಒಬ್ಬಳನ್ನ ಗೇಟಿಂದ ವಾಪಸ್ ಕಳಿಸಿದ್ದು ನಾನೇ. ಅವಳ ಮುಖ ಇನ್ನೂ ಮರೆತಿಲ್ಲ.

ಇದೇ ತಲೆನೋವನ್ನು ರೈಲ್ವೆ ಹೇಗೆ ಬಗೆಹರಿಸಿತು ಅಂತ ಓದಿದೆ. ಕೇಳಿ.

ಕಂಟೋನ್ಮೆಂಟ್ ಸ್ಟೇಷನ್ ಗೊತ್ತಲ್ಲ, ನಮ್ಮ 'ಬೆಂಗಳೂರು ದಂಡು'? 1864ರ ಆಗಸ್ಟ್ 1ರಂದು ನಮ್ಮೂರಿನ ಮೊದಲ ರೈಲು ಮಾರ್ಗ ಶುರುವಾದದ್ದು ಇಲ್ಲಿಂದ, ಜೋಲಾರಪೇಟೆವರೆಗೆ. ಈಗ ಯೋಚನೆ ಮಾಡಿ: ನೀವು ದಂಡಿನ ಕೌಂಟರಲ್ಲಿ, ನಿಮ್ಮ ಗೆಳೆಯ ಕೆ.ಆರ್. ಪುರದಲ್ಲಿ. ರೈಲು ಒಂದೇ, ಉಳಿದಿರೋದು ಒಂದೇ ಬರ್ತು. ಇಬ್ಬರಿಗೂ 'ಸಿಕ್ತು' ಅಂದ್ರೆ? ರಾತ್ರಿ ಬೋಗಿಯಲ್ಲಿ ಜಗಳ ಗ್ಯಾರಂಟಿ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದಕ್ಕಿದ್ದ ಉಪಾಯ ಕೋಟಾ. ಒಂದು ರೈಲಿನ ಬರ್ತುಗಳನ್ನು ಸ್ಟೇಷನ್‌ಗಳಿಗೆ ಹಂಚಿಬಿಡೋದು. ಪ್ರತಿ ಗುಮಾಸ್ತನಿಗೂ ಅವನದೇ ರಿಜಿಸ್ಟರ್, ಅವನದೇ ಪಾಲು. ಯಾರನ್ನೂ ಕೇಳಬೇಕಿಲ್ಲ, ಡಬಲ್ ಬುಕ್ಕಿಂಗ್ ಭಯ ಇಲ್ಲ. ಆದರೆ ಒಂದು ಕಡೆ ವೇಯ್ಟಿಂಗ್ ಲಿಸ್ಟ್ ಬೆಳೀತಾ ಇದ್ರೆ ಇನ್ನೊಂದು ಕಡೆಯ ಪಾಲು ಖಾಲಿ ಉಳೀಬಹುದು. ವಾಪಸ್ ಬರೋ ಟಿಕೆಟ್ ಬೇಕಂದ್ರೆ ಆ ಊರಿಗೆ ತಂತಿ ಕಳಿಸಿ ಉತ್ತರಕ್ಕೆ ಕಾಯಬೇಕಿತ್ತು.

1985ರಲ್ಲಿ ದೆಹಲಿಯಲ್ಲಿ ಕಂಪ್ಯೂಟರ್ ರಿಸರ್ವೇಷನ್ ಪ್ರಯೋಗ ಶುರುವಾಯ್ತು. ಆಮೇಲೆ ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್. ಐದು ಕೇಂದ್ರ, ಐದು ದ್ವೀಪದ ಥರ. ರೈಲ್ವೆಯದೇ ಸಂಸ್ಥೆ ಕ್ರಿಸ್ ಬರೆದ 'ಕಾನ್ಸರ್ಟ್' ಅನ್ನೋ ಸಾಫ್ಟ್‌ವೇರ್ 1999ರ ಹೊತ್ತಿಗೆ ಐದನ್ನೂ ಜೋಡಿಸಿತು.

ಇಲ್ಲೇ ಇರೋದು ಜಾಣತನ. ಐದೂ ಕಡೆ ಎಲ್ಲಾ ರೈಲುಗಳ ನಕಲು ಇಡಲಿಲ್ಲ. ಒಂದು ರೈಲಿನ ಲೆಕ್ಕ ಒಂದೇ ಕೇಂದ್ರದಲ್ಲಿ. ಬೆಂಗಳೂರಲ್ಲಿ ನಿಂತು ದೆಹಲಿ ಕೇಂದ್ರದ ರೈಲು ಕೇಳಿದರೆ ಪ್ರಶ್ನೆ ಅಲ್ಲಿಗೇ ಹೋಗಿ ಉತ್ತರ ಬರಬೇಕು. ಲೈನ್ ಕಟ್ಟಾದ್ರೆ? ಟಿಕೆಟ್ ಇಲ್ಲ, ಕ್ಯೂ ನಿಲ್ಲಬೇಕು. ತಪ್ಪು ಟಿಕೆಟ್ ಕೊಡೋದಕ್ಕಿಂತ ಕೊಡದೇ ಇರೋದೇ ವಾಸಿ.

2000ದಲ್ಲಿ ಎರಿಕ್ ಬ್ರೂವರ್ ಇದನ್ನೇ ನಿಯಮದ ಥರ ಮುಂದಿಟ್ಟರು, 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಸಾಬೀತು ಮಾಡಿದರು. ಅದರ ಹೆಸರು ಕ್ಯಾಪ್ ಥಿಯರಂ. ಮಧ್ಯದ ಸಂಪರ್ಕ ಕಡಿದಾಗ 'ಯಾವಾಗಲೂ ಸರಿಯಾದ ಉತ್ತರ' ಮತ್ತು 'ಯಾವಾಗಲೂ ಉತ್ತರ', ಎರಡರಲ್ಲಿ ಒಂದನ್ನು ಬಿಡಲೇಬೇಕು.

ಅಮೆಜಾನ್ ಆರಿಸಿದ್ದು ಉಲ್ಟಾ. ಅವರ 'ಡೈನಮೋ' ಬಗ್ಗೆ 2007ರಲ್ಲಿ ಬಂದ ಪ್ರಬಂಧದ ಪ್ರಕಾರ, ಕಾರ್ಟಿಗೆ ವಸ್ತು ಹಾಕೋದಕ್ಕೆ 'ಆಗಲ್ಲ' ಅನ್ನಬಾರದು. ಎರಡು ಕಡೆ ಎರಡು ಥರ ಇದ್ರೆ ಆಮೇಲೆ ಸೇರಿಸಿದರಾಯ್ತು. ತೆಗೆದ ವಸ್ತು ಒಮ್ಮೊಮ್ಮೆ ಮತ್ತೆ ಪ್ರತ್ಯಕ್ಷ ಆಗುತ್ತೆ, ಪರವಾಗಿಲ್ಲ, ನೀವೇ ತೆಗೀತೀರಿ.

ಬಿಕಾಂನವರೇ, ಇದು ನಮಗೆ ಹೊಸದಾ? ನಮ್ಮ ಕ್ಯಾಶ್ ಬುಕ್ಕಿಗೂ ಬ್ಯಾಂಕಿನ ಪಾಸ್ ಬುಕ್ಕಿಗೂ ತಾಳೆ ಆಗದಿದ್ದಾಗ ರೀಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ಮಾಡ್ತೀವಲ್ಲ, ಅದೇ. ಚೆಕ್ ಇನ್ನೂ ಪಾಸಾಗಿಲ್ಲ, ಹಾಗಾಗಿ ಸದ್ಯಕ್ಕೆ ವ್ಯತ್ಯಾಸ, ಆಮೇಲೆ ಸರಿಹೋಗುತ್ತೆ.

ಹಾಗಾದ್ರೆ ಯಾವುದು ಸರಿ? 'ಆಮೇಲೆ ಸರಿ ಮಾಡೋಕೆ ಆಗುತ್ತಾ?' ಅಂತ ಕೇಳ್ಕೊಳ್ಳಿ. ಈ ಪೋಸ್ಟಿನ ಲೈಕ್ ನಿಮ್ಮ ಫೋನಲ್ಲಿ 40, ನನ್ನ ಫೋನಲ್ಲಿ 38 ಇದ್ರೆ ಯಾರಿಗೂ ನಷ್ಟ ಇಲ್ಲ. ಬರ್ತು ಹಾಗಲ್ಲ. ಗೇಟಲ್ಲಿ ನಿಂತ ಹುಡುಗಿಯ ಸೀಟೂ ಹಾಗಲ್ಲ.

ನಮಗೆ ದೊಡ್ಡ ಸಾಫ್ಟ್‌ವೇರೇನೂ ಬೇಕಿರಲಿಲ್ಲ. ಆ ಹಳೇ ಗುಮಾಸ್ತರ ಥರ 'ನಿನಗೆ 50, ನನಗೆ 50' ಅಂತ ಹಂಚಿಕೊಂಡಿದ್ರೆ ಸಾಕಿತ್ತು.

ಆ ಜೂನಿಯರ್ ಇದನ್ನ ಓದ್ತಿದ್ರೆ: ಸಾರಿ ಕಣಮ್ಮ. ಮುಂದಿನ ಫೆಸ್ಟಿಗೆ ಮೊದಲ ಸೀಟು ನಿಂದೇ, ಒಂದೇ ಶೀಟಲ್ಲಿ ಬರೆದಿಟ್ಟಿದ್ದೀನಿ.

#ದಂಡುಕಥೆಗಳು #ಬೆಂಗಳೂರು #ಬಿಕಾಂ