ಮ್ಯೂಸ್ಟೈರಿನ ಮಠ: ಐತಿಹ್ಯವೂ ಸಾಕ್ಷ್ಯವೂ

ಸ್ವಿಟ್ಜರ್ಲೆಂಡಿನ ಪೂರ್ವದ ಅಂಚಿನಲ್ಲಿ, ಇಟಲಿಯ ಗಡಿಯ ಬಳಿ, ಆಲ್ಪ್ಸ್ ಪರ್ವತಗಳ ಕಣಿವೆಯೊಂದರಲ್ಲಿ ಮ್ಯೂಸ್ಟೈರ್ ಎಂಬ ಸಣ್ಣ ಊರಿದೆ. ಮಠವೆಂಬ ಅರ್ಥದ ಲ್ಯಾಟಿನ್ ಶಬ್ದವೇ ಈ ಹೆಸರಿಗೆ ಮೂಲ. ಅಲ್ಲಿಯ ಸ್ನಾನಿಕ ಯೋಹಾನನ ಇಗರ್ಜಿಯನ್ನು ಕಟ್ಟಿಸಿದವರು ಯಾರೆಂಬುದು ಬಹುಕಾಲದ ಪ್ರಶ್ನೆ.

ಕ್ರಿ. ಶ. 774ರಲ್ಲಿ ಲಂಬಾರ್ಡರನ್ನು ಜಯಿಸಿ ಹಿಂದಿರುಗುತ್ತಿದ್ದ ಫ್ರಾಂಕರ ಅರಸು ಶಾರ್ಲಮೇನನು ಉಂಬ್ರೈಲ್ ಘಟ್ಟದಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿ, ಪ್ರಾಣ ಉಳಿದುದಕ್ಕಾಗಿ ಈ ಮಠವನ್ನು ಸ್ಥಾಪಿಸಿದನೆಂದು ಐತಿಹ್ಯ. ಇಗರ್ಜಿಯೊಳಗೆ ಅವನ ಗಾರೆಯ ಪ್ರತಿಮೆಯೊಂದಿದೆ. ಆದರೆ ಅದರ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ಕೆಲವರು ಅದನ್ನು 12ನೆಯ ಶತಮಾನಕ್ಕೆ ಇಳಿಸುವರು. ಆದುದರಿಂದ ಅದು ಭಕ್ತಿಗೆ ಸಾಕ್ಷಿಯೇ ಹೊರತು ಸ್ಥಾಪನೆಗೆ ಸಾಕ್ಷಿಯಲ್ಲ.

ಇದಕ್ಕಿಂತ ಬಲವಾದ ಪ್ರಮಾಣ ಕಟ್ಟಡದ ಮರದಲ್ಲಿಯೇ ದೊರೆತಿದೆ. ತೊಲೆಗಳ ವಾರ್ಷಿಕ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ನೋಡಲಾಗಿ, ಆ ಮರಗಳನ್ನು ಸುಮಾರು 775ರಲ್ಲಿ ಕಡಿದರೆಂದು ತಿಳಿದುಬಂದಿತು. ಮಠದ ಪ್ಲಾಂಟಾ ಗೋಪುರವೂ ಇದೇ ಪರೀಕ್ಷೆಯಿಂದ ಸುಮಾರು 960ರದೆಂದು ನಿರ್ಧಾರವಾಗಿದೆ. ಹೀಗೆ ಐತಿಹ್ಯದ ಕಾಲಕ್ಕೆ ಆಧಾರ ದೊರೆಯಿತು, ಕರ್ತೃವಿಗೆ ದೊರೆಯಲಿಲ್ಲ. ಮರವು ತಾನು ಉರುಳಿದ ವರ್ಷವನ್ನು ಹೇಳಬಲ್ಲುದು, ಉರುಳಿಸಿದವನ ಹೆಸರನ್ನು ಹೇಳಲಾರದು. ಕೂರ್ ಪಟ್ಟಣದ ಬಿಷಪ್ಪನೂ ಈ ಕಾರ್ಯದಲ್ಲಿ ಪಾಲುಗೊಂಡಿರಬಹುದೆಂಬ ಊಹೆಯನ್ನು ತಳ್ಳಿಹಾಕುವಂತಿಲ್ಲ.

ಭಿತ್ತಿಚಿತ್ರಗಳ ಚರಿತ್ರೆ ಇನ್ನೂ ಬೋಧಪ್ರದವಾದುದು. ಸುಮಾರು 9ನೆಯ ಶತಮಾನದ ಪೂರ್ವಾರ್ಧದಲ್ಲಿ ದಾವೀದನ ಕಥೆ, ಕ್ರಿಸ್ತನ ಚರಿತ, ಅಂತಿಮ ನ್ಯಾಯತೀರ್ಪು ಮೊದಲಾದುವು ಗೋಡೆಗಳನ್ನೆಲ್ಲ ತುಂಬಿದುವು. ಸುಮಾರು 1200ರಲ್ಲಿ ಬೇರೆ ಚಿತ್ರಕಾರರು ಪೂರ್ವದಿಕ್ಕಿನ ಅರ್ಧವೃತ್ತಾಕಾರದ ಗೂಡುಗಳಲ್ಲಿ ಹಳೆಯ ಚಿತ್ರಗಳ ಮೇಲೆಯೇ ಹೊಸವನ್ನು ಬರೆದರು. ಹೆರೋದನ ಔತಣವೂ ನರ್ತನವೂ ಇವುಗಳಲ್ಲಿ ಸೇರಿವೆ. 15ನೆಯ ಶತಮಾನದ ಅಂತ್ಯದಲ್ಲಿ ಕಂಬಗಳನ್ನು ನಿಲ್ಲಿಸಿ ಕಮಾನುಚಾವಣಿ ಕಟ್ಟಿದಾಗ ಗೋಡೆಗಳ ಮೇಲ್ಭಾಗವು ಚಾವಣಿಯಾಚೆ ಕತ್ತಲೆಯಲ್ಲಿ ಮರೆಯಾಯಿತು. ಉಳಿದುದು ಕಾಲಕ್ರಮದಲ್ಲಿ ಸುಣ್ಣದಡಿ ಸೇರಿತು.

1894ರಲ್ಲಿ ಯೋಸೆಫ್ ಸೆಂಪ್, ರಾಬರ್ಟ್ ಡುರರ್ ಎಂಬ ವಿದ್ವಾಂಸರು ಆ ಕಮಾನುಗಳ ಮೇಲೆ ಚಿತ್ರಗಳನ್ನು ಕಂಡರು. ಮುಂದೆ ಅವುಗಳಲ್ಲಿ ಕೆಲವನ್ನು ಗೋಡೆಯಿಂದ ಬಿಡಿಸಿ ಜೂರಿಕ್ಕಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಕೆಳಗಿನ ಚಿತ್ರಗಳು 1947ರಿಂದ 1951ರ ವರೆಗೆ ನಡೆದ ಕೆಲಸದಲ್ಲಿ ಬೆಳಕಿಗೆ ಬಂದುವು. 1983ರಲ್ಲಿ ಯುನೆಸ್ಕೋ ಸಂಸ್ಥೆಯು ಮಠವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮರೆಮಾಡಿದ ಚಾವಣಿಯೂ ಸುಣ್ಣವೂ ಚಿತ್ರಗಳನ್ನು ಸಾವಿರ ವರ್ಷಗಳಾಚೆಗೂ ತಲಪಿಸಿದುವು. ರಕ್ಷಿಸಲೆಂದು ಕಿತ್ತವು ತಮ್ಮ ಸ್ಥಾನವನ್ನೇ ಕಳೆದುಕೊಂಡುವು. ಅಂತೆಯೇ ಐತಿಹ್ಯವನ್ನು ಇಡಿಯಾಗಿ ನಂಬುವುದೂ ಇಡಿಯಾಗಿ ಅಳಿಸುವುದೂ ಸಲ್ಲದು. ಅದರ ಯಾವ ಪದರಕ್ಕೆ ಯಾವ ಸಾಕ್ಷ್ಯವೆಂದು ವಿಂಗಡಿಸುವುದೇ ಚರಿತ್ರಕಾರನ ಕರ್ತವ್ಯ.